ಎಡೆದೊರೆ ನಾಡು ಮತ್ತು ಹೊಳೆಯ ಗಡಿ

ಇತಿಹಾಸದ ಪರೀಕ್ಷೆಗೆ ಕುಳಿತ ಯಾವ ವಿದ್ಯಾರ್ಥಿಯನ್ನಾದರೂ ರಾಯಚೂರಿನ ವಿಷಯವಾಗಿ ಏನು ಬಲ್ಲೆಯೆಂದು ಕೇಳಿದರೆ, ಅವನು ಒಡನೆಯೇ 1520ನೆಯ ಇಸವಿಯನ್ನು ಹೇಳುತ್ತಾನೆ. ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್ ಷಹನನ್ನು ಸೋಲಿಸಿ ರಾಯಚೂರಿನ ಕೋಟೆಯನ್ನು ಹಿಡಿದನೆಂಬುದು ಅವನಿಗೆ ಬಾಯಿಪಾಠವಾಗಿರುತ್ತದೆ. ಅದಕ್ಕೆ ಅಂಕಗಳೂ ದೊರೆಯುತ್ತವೆ. ಆದರೆ ಅದೇ ರಾಯಚೂರು ಸೀಮೆಯನ್ನು 1853ರಲ್ಲಿ ಸಾಲಕ್ಕಾಗಿ ಒತ್ತೆಯಿಟ್ಟು 1860ರಲ್ಲಿ ಬಿಡಿಸಿಕೊಂಡರಲ್ಲವೆ, ಆ ಸಂಗತಿಯೇನು ಎಂದು ಕೇಳಿದರೆ ಅವನು ಮೌನವನ್ನು ತಾಳುತ್ತಾನೆ. ನಿಜವನ್ನು ಹೇಳಬೇಕಾದರೆ, ಅವನಿಗೆ ಪಾಠ ಹೇಳುವ ನಾವೂ ಬಹುಕಾಲ ಮೌನವಾಗಿಯೇ ಇದ್ದೆವು. ನಾವು ಓದಿದ ಪುಸ್ತಕಗಳಲ್ಲಿ ಆ ಏಳು ವರ್ಷಗಳಿಗೆ ಎರಡು ಸಾಲುಗಳಿಗಿಂತ ಹೆಚ್ಚಿನ ಸ್ಥಳವಿರಲಿಲ್ಲ. ಬೀರಾರಿನ ಕಥೆಯ ಬಾಲದಲ್ಲಿ ರಾಯಚೂರಿನ ಹೆಸರು ಬಂದು ಹೋಗುತ್ತಿತ್ತು.

ನಮ್ಮ ಕಣ್ಣು ತೆರೆದುದು ಮಾನವಿಯ ಒಂದು ಮನೆಯಲ್ಲಿ. ಅಲ್ಲಿಯ ಯಜಮಾನರು ಅಟ್ಟದ ಮೇಲಿಂದ ಹಳೆಯ ಕಾಗದಗಳ ಗಂಟೊಂದನ್ನು ಇಳಿಸಿ ನಮ್ಮ ಮುಂದೆ ಬಿಚ್ಚಿದರು. ಒಂದು ಹೊಲದ ಕ್ರಯಪತ್ರ; ಅದರ ಮುದ್ರೆ ಉರ್ದುವಿನಲ್ಲಿ, ಒಳಗಿನ ಒಕ್ಕಣೆ ಕನ್ನಡದಲ್ಲಿ, ತಾರೀಖು ಮಾತ್ರ 1352ನೆಯ ಫಸಲಿಯ ಖುರ್ದಾದ್ ಮಾಸದ್ದು. ಅದರೊಡನೆ ಕಟ್ಟಿದ್ದ ಇನ್ನೊಂದು ಕಾಗದ ಆದವಾನಿಯ ಬೀಗರು ಮದುವೆಯ ಮಾತಿಗಾಗಿ ಬರೆದದ್ದು. ಅದರ ಮೇಲೆ 1943ನೆಯ ಇಸವಿ ಏಪ್ರಿಲ್ ತಿಂಗಳು. ಎರಡೂ ಕಾಗದಗಳು ಒಂದೇ ಮಾಸದವು, ಒಂದೇ ಬಳಗದವರು ಬರೆದವು, ಅವರವರ ಊರುಗಳ ನಡುವೆ ಇದ್ದುದು ಒಂದು ಹೊಳೆ. ಹೊಳೆಯ ಈಚೆಗೆ ಒಂದು ವರ್ಷ, ಆಚೆಗೆ ಇನ್ನೊಂದು ವರ್ಷ! ಇದು ಹೇಗೆ ಬಂದಿತೆಂಬುದನ್ನು ವಿಚಾರಿಸುತ್ತ ಹೋದುದರ ಫಲವೇ ಈ ಭಾಷಣ.

ಕೃಷ್ಣಾ ತುಂಗಭದ್ರೆಗಳ ನಡುವಣ ಈ ಸೀಮೆಯನ್ನು ಪಾರಸಿಯವರು ದೋಆಬ್ ಎಂದು ಕರೆದರು. ಆ ಹೆಸರೇ ಇಂದು ರೂಢಿಯಲ್ಲಿದೆ. ಅದಕ್ಕಿಂತ ಬಹು ಹಿಂದೆಯೇ ನಮ್ಮ ಶಾಸನಗಳು ಇದನ್ನು ಎಡೆದೊರೆ ಎರಡುಸಾಸಿರವೆಂದು ಕರೆದಿದ್ದವು. ಎರಡು ತೊರೆಗಳ ಎಡೆಯ ನಾಡು ಎಂದು ಅರ್ಥ. ಪಾರಸೀ ಮಾತಿನ ಅರ್ಥವೂ ಅದೇ. ಇದರ ಪ್ರಾಚೀನತೆಯನ್ನು ಹೇಳತೊಡಗಿದರೆ ಇಂದಿನ ಹೊತ್ತು ಸಾಲದು. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಅಕ್ಷರಶಃ ಕೆತ್ತಿದೆಯೆಂಬುದು 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರರಾಗಿದ್ದ ಬೀಡನ್ ಎಂಬವರ ಕಣ್ಣಿಗೆ ಬಿದ್ದಮೇಲೆ, ಉತ್ತರದ ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ನು ಯಾರೆಂಬ ವಾದವೇ ತೀರಿತು. ಹಟ್ಟಿಯ ಚಿನ್ನ, ಎರೆಯ ಹೊಲಗಳ ಹತ್ತಿ ಮತ್ತು ಜೋಳ, ಎರಡೂ ಕಡೆ ಜೀವನದಿಗಳು. ಇಂಥ ನೆಲವನ್ನು ನೋಡಿ ಅರಸರು ಸುಮ್ಮನಿರುವುದಾದರೂ ಹೇಗೆ?

ರಾಯಚೂರಿನ ಕೋಟೆಯ ಗೋಡೆಯಲ್ಲಿ ನಲವತ್ತು ಅಡಿಗಳಿಗಿಂತಲೂ ಉದ್ದವಾದ ಒಂದೇ ಕಲ್ಲು ಇದೆ. ಅದನ್ನು ಬಂಡಿಯ ಮೇಲೇರಿಸಿ ಎಳೆದು ತಂದ ಬಗೆಯನ್ನೂ ಅಲ್ಲಿಯೇ ಚಿತ್ರವಾಗಿ ಕೆತ್ತಿದ್ದಾರೆ. ಕಾಕತೀಯರ ರುದ್ರಮದೇವಿಯ ಕಾಲದ ಅಧಿಕಾರಿ ಗೋರೆ ಗಂಗಯ್ಯ ರೆಡ್ಡಿಯ ಸೇನಾನಿಯಾದ ವಿಠ್ಠಲನಾಥನು ಆದವಾನಿ, ತುಂಬಳ, ಮಾನುವ, ಹಾಲುವಗಳನ್ನು ಗೆದ್ದು, ರಾಯಚೂರನ್ನು ಹೊಕ್ಕು, ಪ್ರಜೆಗಳ ರಕ್ಷಣೆಗಾಗಿ ಈ ಕೋಟೆಯನ್ನು ಕಟ್ಟಿಸಿದನೆಂದು ಅದರ ಮೇಲಿನ 1294ನೆಯ ಇಸವಿಯ ಶಾಸನವು ತಿಳಿಸುತ್ತದೆ. ಮಾನುವವೆಂದರೆ ನಮ್ಮ ಮಾನವಿಯೇ. ಶಾಸನದ ಭಾಷೆ ತೆಲುಗು. ಇದನ್ನು ನಾವು ಬೇಕೆಂದೇ ಹೇಳುತ್ತಿದ್ದೇವೆ. ಈ ನಾಡು ಎಂದೂ ಒಂದೇ ಭಾಷೆಯ ನಾಡಾಗಿರಲಿಲ್ಲ. ಇಲ್ಲಿಯ ಗಡಿಯ ಮಾತನ್ನಾಡುವವರು ಈ ಕಲ್ಲನ್ನು ಒಮ್ಮೆ ನೋಡಿ ಬಂದು ಮಾತನಾಡುವುದು ಒಳ್ಳೆಯದು. ಇನ್ನೊಂದು ಸಂಗತಿ: ಗೆದ್ದ ಊರುಗಳ ಆ ಪಟ್ಟಿಯಲ್ಲಿ ಆದವಾನಿಯೂ ಮಾನವಿಯೂ ಒಟ್ಟಿಗೆ ಬರುತ್ತವೆ. ತುಂಗಭದ್ರೆಯ ಎರಡು ದಂಡೆಗಳ ಊರುಗಳು ಅಂದು ಒಂದೇ ದಂಡಯಾತ್ರೆಯ ಹಾದಿಯಲ್ಲಿದ್ದವು. ಹೊಳೆಯು ದಾಟುವುದಕ್ಕೆ ಇದ್ದಿತು.

ಮುಂದೆ ವಿಜಯನಗರಕ್ಕೂ ಬಹಮನಿಗೂ ಇನ್ನೂರು ವರ್ಷ ನಡೆದ ಕದನಗಳನ್ನು ಕೇಳುಗರು ಬಲ್ಲರು. ಆ ಕದನಗಳ ಕಾರಣಗಳೆಂದು ಬರೆದಿಟ್ಟವುಗಳನ್ನು ನೋಡಿದರೆ ನಗು ಬರುತ್ತದೆ. ಗಾಯಕರಿಗೆ ಕೊಡಬೇಕಾದ ಹಣವನ್ನು ಮಹಮ್ಮದ್ ಷಹನು ವಿಜಯನಗರದ ಬೊಕ್ಕಸದ ಮೇಲೆ ಬರೆದುಕೊಟ್ಟನೆಂದು 1366ರ ಯುದ್ಧ. ಮುದಗಲ್ಲಿನ ಅಕ್ಕಸಾಲಿಗನ ಮಗಳಿಗಾಗಿ 1406ರ ಯುದ್ಧ. ಕುದುರೆ ಕೊಳ್ಳಲು ಹಣ ಪಡೆದವನೊಬ್ಬ ಆದಿಲ್ ಷಹನ ಸೀಮೆಗೆ ಓಡಿಹೋದನೆಂದು 1520ರ ಯುದ್ಧ. ಮೊದಲಿನ ಎರಡನ್ನು ಫೆರಿಸ್ತನೂ ಮೂರನೆಯದನ್ನು ಪೋರ್ಚುಗೀಸನಾದ ನೂನಿಜನೂ ಹೇಳುತ್ತಾರೆ. ಕಥೆಗಳು ಹೇಗಾದರೂ ಇರಲಿ, ಬೇಕಾಗಿದ್ದುದು ರಾಯಚೂರು ಮುದಗಲ್ಲುಗಳ ಕೋಟೆಗಳು, ಅವುಗಳ ಸುತ್ತಿನ ನೆಲ.

ಆದರೆ ಫೆರಿಸ್ತನ ಗ್ರಂಥದಲ್ಲಿ ಒಂದು ಮಾತು ನಮ್ಮನ್ನು ತಡೆದು ನಿಲ್ಲಿಸುತ್ತದೆ. 1366ರ ಆ ಯುದ್ಧದಲ್ಲಿ ಮುದಗಲ್ಲಿನ ಕಾವಲಿನವರನ್ನು ವಿಜಯನಗರದವರು ಕೊಂದರೆಂದೂ, ಅದಕ್ಕೆ ಪ್ರತಿಯಾಗಿ ಮಹಮ್ಮದ್ ಷಹನು ಹೆಂಗಸರು ಮಕ್ಕಳೆನ್ನದೆ ಕೊಲ್ಲಿಸಿದನೆಂದೂ ಅವನು ಬರೆಯುತ್ತಾನೆ. ಕಡೆಗೆ ವಿಜಯನಗರದ ರಾಯಭಾರಿಗಳು ಬಂದು, ಈ ಎರಡು ರಾಜ್ಯಗಳು ಇನ್ನೂ ಬಹುಕಾಲ ನೆರೆಹೊರೆಯಾಗಿ ಬಾಳಬೇಕಾಗಿರುವುದರಿಂದ ಯುದ್ಧಕ್ಕೆ ಸಂಬಂಧವಿಲ್ಲದ ಬಡಪ್ರಜೆಗಳನ್ನು ಕೊಲ್ಲದಂತೆ ಮಾತಾಗಬೇಕೆಂದು ಬೇಡಿಕೊಂಡರಂತೆ, ಸುಲ್ತಾನನೂ ಒಪ್ಪಿದನಂತೆ. ಫೆರಿಸ್ತನು ಲೆಕ್ಕಗಳನ್ನು ಹಿಗ್ಗಿಸುವವನು, ಪಕ್ಷಪಾತಿಯೂ ಹೌದು. ಆದರೂ ಈ ಒಂದು ಕಡೆಯಲ್ಲಿ ದೋಆಬಿನ ಪ್ರಜೆ ಎಂಬವನೊಬ್ಬನಿದ್ದಾನೆಂಬುದು ಇತಿಹಾಸಕಾರನಿಗೆ ನೆನಪಾಯಿತು. ನೂನಿಜನೂ ರಾಯಚೂರು ವಶವಾದ ಮೇಲೆ ಕೃಷ್ಣದೇವರಾಯನು ಊರವರ ಪ್ರಾಣಕ್ಕೂ ಸ್ವತ್ತಿಗೂ ಅಭಯವಿತ್ತನೆಂದು ಬರೆಯುತ್ತಾನೆ. ಇವೆರಡನ್ನು ಬಿಟ್ಟರೆ ಉಳಿದುದೆಲ್ಲ ಆನೆ, ಕುದುರೆ, ಕಾಲಾಳುಗಳ ಎಣಿಕೆ.

1565ರಲ್ಲಿ ವಿಜಯನಗರ ಬಿದ್ದಮೇಲೆ ದೋಆಬು ವಿಜಾಪುರದ ಪಾಲಾಯಿತು. 1686ರಲ್ಲಿ ವಿಜಾಪುರವು ಔರಂಗಜೇಬನ ಪಾಲಾಯಿತು. 1724ರಲ್ಲಿ ಆಸಫ್ ಜಾ ಸ್ವತಂತ್ರನಂತೆ ಆಳತೊಡಗಿದಮೇಲೆ ನಿಜಾಮರ ಕೈಸೇರಿತು. ಇಷ್ಟು ಒಡೆತನಗಳು ಬದಲಾದರೂ ಹೊಳೆಯ ಎರಡು ದಂಡೆಗಳ ಜನ ಒಂದೇ ಬಳಗವಾಗಿಯೇ ಬಾಳಿದರು. ಇದಕ್ಕೆ ಹರಿದಾಸರ ಚರಿತ್ರೆಗಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. ರಾಘವೇಂದ್ರ ಸ್ವಾಮಿಗಳು 1671ರಲ್ಲಿ ವೃಂದಾವನಸ್ಥರಾದ ಮಂತ್ರಾಲಯ ದಕ್ಷಿಣ ದಂಡೆಯಲ್ಲಿದೆ. ಅವರ ಶಿಷ್ಯರಾದ ಅಪ್ಪಣ್ಣಾಚಾರ್ಯರ ಬಿಚ್ಚಾಲಿ ಉತ್ತರ ದಂಡೆಯಲ್ಲಿದೆ. ಗುರುಗಳ ಕಡೆಯ ದರ್ಶನಕ್ಕಾಗಿ ಶಿಷ್ಯರು ತುಂಬಿದ ಹೊಳೆಗೆ ಧುಮುಕಿ ಸ್ತೋತ್ರ ಹೇಳುತ್ತ ಬಂದರೆಂಬುದು ಅಲ್ಲಿಯ ಐತಿಹ್ಯ. ವಿಜಯದಾಸರು ಮಾನವಿ ಸೀಮೆಯ ಚೀಕಲಪರವಿಯವರು. ಅವರ ಶಿಷ್ಯರಾದ ಗೋಪಾಲದಾಸರು ದೇವದುರ್ಗದ ಕಡೆಯ ಮೊಸರಕಲ್ಲಿನಲ್ಲಿ ಹುಟ್ಟಿ, ದೋಆಬಿನ ಮೂಡಣ ತುದಿಯ ಉತ್ತನೂರಿನಲ್ಲಿ ನೆಲೆಸಿದರು. ಅವರ ಶಿಷ್ಯರು ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರು; 1728ರಲ್ಲಿ ಬ್ಯಾಗವಾಟದಲ್ಲಿ ಹುಟ್ಟಿ 1809ರಲ್ಲಿ ಮಾನವಿಯಲ್ಲಿ ದೇಹವಿಟ್ಟರು. ಇವರೆಲ್ಲರ ಓಡಾಟದ ಊರುಗಳನ್ನು ನಕ್ಷೆಯ ಮೇಲೆ ಗುರುತಿಸಿ ಗೆರೆ ಎಳೆದರೆ, ಆ ಗೆರೆ ತುಂಗಭದ್ರೆಯನ್ನು ಹಲವು ಸಲ ದಾಟುತ್ತದೆ.

ಹೊಳೆಯು ಗಡಿಯಾದುದು ಜಗನ್ನಾಥದಾಸರ ಮುಪ್ಪಿನಲ್ಲಿ. ಮೈಸೂರಿನ ಎರಡು ಯುದ್ಧಗಳ ತರುವಾಯ, 1792ರಲ್ಲಿಯೂ 1799ರಲ್ಲಿಯೂ, ಟಿಪ್ಪುಸುಲ್ತಾನನ ರಾಜ್ಯದಿಂದ ನಿಜಾಮನಿಗೆ ದೊರೆತ ಸೀಮೆಗಳನ್ನು ಅವನು 1800ನೆಯ ಇಸವಿ ಅಕ್ಟೋಬರ್ 12ರ ಒಪ್ಪಂದದಿಂದ ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟನು. ಕಂಪೆನಿಯ ಸೈನ್ಯವನ್ನು ತನ್ನ ರಾಜ್ಯದಲ್ಲಿರಿಸಿಕೊಂಡುದರ ವೆಚ್ಚಕ್ಕಾಗಿ ಕೊಟ್ಟ ನೆಲ ಅದು. ಬಳ್ಳಾರಿ, ಅನಂತಪುರ, ಕಡಪಗಳ ಕಡೆಯವರು ಅದನ್ನು ದತ್ತಮಂಡಲವೆಂದು ಕರೆಯುವುದುಂಟು. ಆಗ ಎರಡು ಸರ್ಕಾರಗಳ ನಡುವೆ ಸ್ಪಷ್ಟವಾದ ಎಲ್ಲೆ ಇರಬೇಕೆಂದು ಒಂದು ಅದಲುಬದಲೂ ನಡೆಯಿತು: ತುಂಗಭದ್ರೆಯ ಉತ್ತರಕ್ಕಿದ್ದ ಕೊಪ್ಪಳ, ಗಜೇಂದ್ರಗಡ ಮೊದಲಾದವು ನಿಜಾಮನಿಗೆ, ದಕ್ಷಿಣಕ್ಕಿದ್ದ ಆದವಾನಿ ಮುಂತಾದವು ಕಂಪೆನಿಗೆ. ನಕ್ಷೆಯನ್ನು ಮುಂದಿರಿಸಿಕೊಂಡು ಕುಳಿತ ಅಧಿಕಾರಿಗೆ ಹೊಳೆಯಷ್ಟು ಅಂದವಾದ ಗಡಿ ಬೇರೊಂದು ಕಾಣಲಾರದು. ಯಾರೂ ಒಂದು ಕಲ್ಲನ್ನು ನೆಡಬೇಕಾಗಿಲ್ಲ, ಸರಪಳಿ ಹಿಡಿದು ಅಳೆಯಬೇಕಾಗಿಲ್ಲ. ದಂಡೆಯ ಊರುಗಳವರಿಗೆ ಹೊಳೆಯೆಂದರೆ ದನಗಳಿಗೆ ನೀರು, ಬೇಸಗೆಯ ಮರಳಿನಲ್ಲಿ ಕಲ್ಲಂಗಡಿಯ ಪಾತಿ, ಬೀಗರ ಮನೆಗೆ ದಾರಿ ಎಂಬುದು ಒಪ್ಪಂದದ ಯಾವ ಕಲಮಿನಲ್ಲಿಯೂ ಬರಲಿಲ್ಲ.

ಎರಡು ವರ್ಷದೊಳಗೆ, 1802ರಲ್ಲಿ, ವ್ಯಾಪಾರದ ಒಪ್ಪಂದವೊಂದಾಗಿ ಸರಕಿನ ಬೆಲೆಯ ಮೇಲೆ ನೂರಕ್ಕೆ 5ರಂತೆ ಸುಂಕವು ನಿಶ್ಚಯವಾಯಿತು. ಇದರಿಂದ ಬೆಳೆದುದೇ ನಿಜಾಮರ ಕರೋಡಗಿರಿ ಇಲಾಖೆ. ಒಳನಾಡಿನ ದಾರಿಸುಂಕಗಳನ್ನು ಸಾಲಾರ್ ಜಂಗನು ಕಿತ್ತುಹಾಕಿದಮೇಲೂ ಗಡಿಯ ಸುಂಕ ಉಳಿಯಿತು. 1871ರಲ್ಲಿ ಮುಂಬಯಿಯಿಂದ ಬಂದ ರೈಲುದಾರಿಯೂ ಮದರಾಸಿನಿಂದ ಬಂದ ರೈಲುದಾರಿಯೂ ರಾಯಚೂರಿನಲ್ಲಿಯೇ ಕೂಡಿದವು. ಹಿಂದುಸ್ಥಾನದ ಎರಡು ದೊಡ್ಡ ಪಟ್ಟಣಗಳನ್ನು ಬೆಸೆದ ಈ ಊರು ಹದಿನೈದು ಹರದಾರಿಯೊಳಗಿನ ಆದವಾನಿಗೆ ಮಾತ್ರ ಪರಸ್ಥಳವಾಗಿ ಉಳಿಯಿತು. ಹಣವೂ ಬೇರೆ. ಈಚೆಗೆ ಹಾಲಿ ಸಿಕ್ಕ, ಆಚೆಗೆ ಕಲ್ದಾರ್. 6 ಕಲ್ದಾರ್ ರೂಪಾಯಿಗೆ 7 ಹಾಲಿ ರೂಪಾಯಿಗಳೆಂಬುದು ಲೆಕ್ಕ. ಸಂತೆಗೆ ಹೋದ ಹೆಂಗಸು ಮೆಣಸಿನಕಾಯಿಯ ಬೆಲೆಯೊಡನೆ ಈ ವಟ್ಟದ ಗಣಿತವನ್ನೂ ಮಾಡಬೇಕಾಗಿದ್ದಿತು. ಅಂಚೆ ಬೇರೆ, ಪಂಚಾಂಗ ಬೇರೆ, ಕಚೇರಿಯ ಭಾಷೆ ಬೇರೆ.

ಮಾನವಿಯ ಹತ್ತಿರದ ಹಳ್ಳಿಯೊಂದರಲ್ಲಿ ತೊಂಬತ್ತರ ಅಂಚಿನಲ್ಲಿದ್ದ ಒಬ್ಬ ಹಿರಿಯರನ್ನು ನಾವು ಕಂಡೆವು. ಕರೋಡಗಿರಿ ನಾಕೆಯ ನೆನಪಿದೆಯೇ ಎಂದು ಕೇಳಿದುದಕ್ಕೆ ಅವರು ನಕ್ಕು ಹೇಳಿದ ಮಾತು ಇದು: “ನಮ್ಮವ್ವ ಆದವಾನಿ ಪ್ಯಾಟಿಯಾಗ ಸೀರಿ ಕೊಂಡಳಂದ್ರ, ಹೊಳಿ ನೀರಾಗ ಒಮ್ಮಿ ಅದ್ದಿ ಹಿಂಡಿ ಉಟಗೊಂಡೇ ಬರತಿದ್ದಳ್ರೀ. ಮಡಿಕಿ ಸೀರಿಗೆ ಸುಂಕ ಕೇಳತಿದ್ರು, ಉಟ್ಟ ಸೀರಿಗೆ ಏನು ಕೇಳ್ಯಾರು?” ಹೊಸ ಸೀರೆಯನ್ನು ಹಳೆಯದಾಗಿ ಮಾಡಿ ಉಡಬೇಕಾದ ಆ ತಾಯಿಯ ಸಂಕಟವೂ ಜಾಣತನವೂ ಯಾವ ದಫ್ತರಿನಲ್ಲಿಯೂ ದಾಖಲಾಗಿರಲಾರದು. ಸುಂಕವು ನೂರಕ್ಕೆ ಐದೇ ಆಗಿದ್ದಿರಬಹುದು. ಆದರೆ ಗಂಟನ್ನು ಬಿಚ್ಚಿಸುವುದು, ಕಾಯಿಸುವುದು, ಕೈಬೆಚ್ಚಗೆ ಮಾಡಿದಮೇಲೆ ಬಿಡುವುದು ಇವುಗಳಿಗೆ ದರ ಗೊತ್ತಾಗಿರಲಿಲ್ಲವೆಂದು ಅವರೇ ಹೇಳಿದರು.

ಈಗ 1853ಕ್ಕೆ ಬರೋಣ. ಹೈದರಾಬಾದು ಕಂಟಿಂಜೆಂಟ್ ಎಂಬ ಪಡೆಯೊಂದಿದ್ದಿತು. ಅಧಿಕಾರ ಇಂಗ್ಲಿಷರದು, ಸಂಬಳ ನಿಜಾಮನದು. ಸಂಬಳ ಬಾಕಿ ಬೆಳೆಯಿತು; ಬಾಕಿಗೆ ಬಡ್ಡಿ ಬೆಳೆಯಿತು. ಲಾರ್ಡ್ ಡಾಲ್‌ಹೌಸಿಯು ಸೀಮೆಯನ್ನೇ ಕೇಳಿದನು. ನಿಜಾಮ್ ನಾಸಿರ್ ಉದ್ದೌಲನು ಬಹಳ ಹಿಂಜರಿದು, ರೆಸಿಡೆಂಟನಾದ ಕರ್ನಲ್ ಲೋ ಎಂಬವನ ಒತ್ತಾಯಕ್ಕೆ ಸಿಲುಕಿ, ಮೇ 21ರಂದು ಒಪ್ಪಂದಕ್ಕೆ ಮುದ್ರೆಯನ್ನೊತ್ತಿದನು. ಬೀರಾರು, ಧಾರಾಶಿವ, ರಾಯಚೂರು ದೋಆಬು, ಹೀಗೆ ವರ್ಷಕ್ಕೆ ಸುಮಾರು 50 ಲಕ್ಷ ರೂಪಾಯಿ ಹುಟ್ಟುವಳಿಯ ನೆಲವು ಇಂಗ್ಲಿಷರ ಕೈಸೇರಿತು. ದಿವಾನನಾಗಿದ್ದ ಸಿರಾಜ್ ಉಲ್ ಮುಲ್ಕನು ಕೆಲವೇ ದಿನಗಳಲ್ಲಿ ತೀರಿಕೊಂಡನು. ಅವನ ಸ್ಥಾನಕ್ಕೆ ಬಂದ ಸಾಲಾರ್ ಜಂಗನಿಗೆ ಆಗ ಇಪ್ಪತ್ತನಾಲ್ಕು ವರ್ಷ. ಒಡೆತನ ನಿಜಾಮನದು, ಅನುಭೋಗ ಸಾಲಗಾರನದು. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಭೋಗ್ಯವೆನ್ನುತ್ತಾರೆ. ಹೊಲವನ್ನು ಭೋಗ್ಯಕ್ಕೆ ಹಾಕಿದ ರೈತನು ರಾತ್ರಿ ನಿದ್ದೆ ಮಾಡಲಾರನು. ನಾಡನ್ನು ಭೋಗ್ಯಕ್ಕೆ ಹಾಕಿದರೆ ನಿದ್ದೆಗೆಡುವವರು ಯಾರು?

ಈ ಏಳು ವರ್ಷಗಳಲ್ಲಿ ದೇವದುರ್ಗದ ಪಾಡು ವಿಚಿತ್ರವಾಗಿದ್ದಿತು. ಅದು ಬೇಡ ನಾಯಕರ ಹಳೆಯ ನೆಲೆ. ಕೃಷ್ಣೆಯ ಆಚೆಗೆ ಅದೇ ಕುಲದವರ ಸುರಪುರ ಸಂಸ್ಥಾನ. 1853ರ ವರೆಗೆ ಸುರಪುರದ ಆಡಳಿತವನ್ನು ನೋಡಿಕೊಂಡು, ಎಳೆಯ ರಾಜನಾದ ವೆಂಕಟಪ್ಪ ನಾಯಕನನ್ನು ಸಾಕಿದವನು ಮೆಡೋಸ್ ಟೇಲರ್. ರಾಜನು ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. ರಾಜನಿಗೆ ವಯಸ್ಸು ಬಂದು ಅಧಿಕಾರ ವಹಿಸಿಕೊಟ್ಟು ಟೇಲರನು ಧಾರಾಶಿವದ ಕಡೆಗೆ ಹೊರಟನು. ಅದೇ ವರ್ಷ ದೋಆಬು ಇಂಗ್ಲಿಷರಿಗೆ ಬಂದುದರಿಂದ, ದೇವದುರ್ಗದ ಬೇಡರು ಒಂದು ಆಳ್ವಿಕೆಗೂ ಸುರಪುರದ ಬೇಡರು ಇನ್ನೊಂದು ಆಳ್ವಿಕೆಗೂ ಸೇರಿದರು. ಹೀಗೆ ತುಂಗಭದ್ರೆಯಂತೆ ಕೃಷ್ಣೆಯೂ ಕೆಲಕಾಲ ಎಲ್ಲೆಯಾಯಿತು. 1858ರ ಫೆಬ್ರುವರಿಯಲ್ಲಿ ವೆಂಕಟಪ್ಪ ನಾಯಕನು ಇಂಗ್ಲಿಷರ ಮೇಲೆ ಬಿದ್ದನು. ದೋಆಬಿನೊಳಗಿನ ಲಿಂಗಸೂಗೂರಿನಿಂದಲೇ ಅವನ ಮೇಲೆ ಸೈನ್ಯ ಹೋಯಿತು. ಅವನು ಸೋತು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕನು. ಮರಣದಂಡನೆಯನ್ನು ಇಳಿಸಿ ನಾಲ್ಕು ವರ್ಷಗಳ ಸೆರೆಯೆಂದು ಗೊತ್ತುಮಾಡಿ ಚಂಗಲಪಟ್ಟಿಗೆ ಕಳುಹಿಸುತ್ತಿದ್ದಾಗ ದಾರಿಯಲ್ಲಿ ಗುಂಡು ತಗಲಿ ಸತ್ತನು. ತಾನೇ ಹೊಡೆದುಕೊಂಡನೆಂದು ಟೇಲರನ ಆತ್ಮಚರಿತ್ರೆ ಹೇಳುತ್ತದೆ. ಸಾಕಿದವನೇ ಮತ್ತೆ ಬಂದು ಸುರಪುರದ ಆಡಳಿತವನ್ನು ವಹಿಸಿಕೊಂಡು, ಸಾಕಿದ ಮಗನ ರಾಜ್ಯದ ಲೆಕ್ಕಗಳನ್ನು ಮುಗಿಸಿದನು. ಆ ಪುಸ್ತಕದ ಈ ಭಾಗವನ್ನು ಓದುವಾಗ ಟೇಲರನಿಗೆ ನಿಜವಾಗಿಯೂ ದುಃಖವಾಗಿತ್ತೆಂಬುದರಲ್ಲಿ ನಮಗೆ ಸಂದೇಹ ಉಳಿಯುವುದಿಲ್ಲ. ಅವನ ದುಃಖದಿಂದ ಸುರಪುರಕ್ಕೆ ಏನೂ ಪ್ರಯೋಜನವಾಗಲಿಲ್ಲವೆಂಬುದೂ ಅಷ್ಟೇ ನಿಜ.

1857ರ ದಂಗೆಯಲ್ಲಿ ಹೈದರಾಬಾದು ಇಂಗ್ಲಿಷರ ಪಕ್ಷವನ್ನು ಬಿಡಲಿಲ್ಲ. ಅದಕ್ಕೆ ಉಡುಗೊರೆಯೆಂದು 1860ರ ಡಿಸೆಂಬರಿನಲ್ಲಿ ಹೊಸ ಒಪ್ಪಂದವಾಯಿತು: ಸುಮಾರು 50 ಲಕ್ಷ ರೂಪಾಯಿಗಳ ಸಾಲ ರದ್ದು, ಧಾರಾಶಿವವೂ ರಾಯಚೂರು ದೋಆಬೂ ನಿಜಾಮನಿಗೆ ಹಿಂದಕ್ಕೆ, ಮೇಲೆ ಸುರಪುರವೂ ಅವನಿಗೆ. ಹತ್ತಿಯ ಸೀಮೆಯಾದ ಬೀರಾರನ್ನು ಮಾತ್ರ ಬಿಟ್ಟುಕೊಡಲಿಲ್ಲ. ಕಡೆಗೆ 1902ರಲ್ಲಿ ಕರ್ಜನನು ಅದನ್ನು ವರ್ಷಕ್ಕೆ 25 ಲಕ್ಷಕ್ಕೆ ಶಾಶ್ವತ ಗುತ್ತಿಗೆಯಾಗಿ ಬರೆಯಿಸಿಕೊಂಡನು. ಬೀರಾರಿನ ವಿಷಯವಾಗಿ ಎಷ್ಟು ಗ್ರಂಥಗಳು, ಎಷ್ಟು ಪತ್ರವ್ಯವಹಾರ! ದೋಆಬು ಮರಳಿ ಹೋದುದನ್ನು ಕುರಿತು ಯಾರೂ ಒಂದು ಅರ್ಜಿಯನ್ನು ಬರೆದಂತೆ ನಮಗೆ ಕಾಣಲಿಲ್ಲ. ಇಲ್ಲಿಯ ಪ್ರಜೆಯನ್ನು 1853ರಲ್ಲಿಯೂ ಕೇಳಲಿಲ್ಲ, 1860ರಲ್ಲಿಯೂ ಕೇಳಲಿಲ್ಲ.

ದೋಆಬು ಇಂಗ್ಲಿಷರಲ್ಲಿಯೇ ಉಳಿದಿದ್ದರೆ ಸ್ವರ್ಗವಾಗುತ್ತಿತ್ತೆಂದು ನಾವು ಹೇಳುವುದಿಲ್ಲ. ಹೊಳೆಯ ಆಚೆಗಿನ ದತ್ತಮಂಡಲವು ಬರಗಾಲದಲ್ಲಿ ಪಟ್ಟ ಪಾಡನ್ನು ಬಲ್ಲವರು ಹಾಗೆ ಹೇಳಲಾರರು. ಆದರೆ ಒಂದು ವ್ಯತ್ಯಾಸವನ್ನು ಮರೆಮಾಡಲಾಗದು. ಧಾರವಾಡ ಬಳ್ಳಾರಿಗಳಲ್ಲಿ ಸರ್ಕಾರದ ಶಾಲೆಗಳಲ್ಲಿ ಕನ್ನಡ ಕಲಿತ ಎರಡು ತಲೆಮಾರು ಬಂದು ಹೋಗುವಷ್ಟರಲ್ಲಿ, ರಾಯಚೂರಿನ ಹುಡುಗನಿಗೆ ಕಚೇರಿಯ ಬಾಗಿಲು ಉರ್ದುವಿನಿಂದಲೇ ತೆರೆಯಬೇಕಾಗಿದ್ದಿತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ದೇಶಭಾಷೆಯಲ್ಲಿ ಉನ್ನತ ಶಿಕ್ಷಣವೆಂಬ ಮಹತ್ಕಾರ್ಯಕ್ಕೆ ಕೈಹಾಕಿತು. ಅದನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ಆ ದೇಶಭಾಷೆ ಕನ್ನಡಿಗನ, ತೆಲುಗನ, ಮರಾಠಿಗನ ಮನೆಯ ಭಾಷೆಯಾಗಿರಲಿಲ್ಲ.

ಪಂಡಿತ ತಾರಾನಾಥರ ಜೀವನದಲ್ಲಿ ಈ ಗಡಿಯ ಅರ್ಥವೆಲ್ಲ ಅಡಗಿದೆ. ಮಂಗಳೂರಿನ ಕಡೆಯಿಂದ ಬಂದ ಆ ಮಹನೀಯರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದರು. ಹಿಂದೂ ಮುಸಲ್ಮಾನ ಮಕ್ಕಳು ಒಂದಾಗಿ ಓದಬೇಕೆಂಬುದು ಆ ಹೆಸರಿನಲ್ಲಿಯೇ ಇದೆ. ನಿಜಾಮ ಸರ್ಕಾರದ ಅವಕೃಪೆಗೆ ಅವರು ಪಾತ್ರರಾಗಿ ಸಂಸ್ಥಾನವನ್ನು ಬಿಡಬೇಕಾಗಿ ಬಂದಿತು. ಹಾಗೆ ಬಿಟ್ಟವರು ಕಾಶಿಗೂ ಹೋಗಲಿಲ್ಲ, ಮಂಗಳೂರಿಗೂ ಮರಳಲಿಲ್ಲ. ಹೊಳೆಯನ್ನು ದಾಟಿ, ದಕ್ಷಿಣ ದಂಡೆಯ ತುಂಗಭದ್ರಾ ಗ್ರಾಮದ ಬಳಿ ಪ್ರೇಮಾಯತನವನ್ನು ಸ್ಥಾಪಿಸಿ, 1942ರಲ್ಲಿ ತೀರಿಕೊಳ್ಳುವ ವರೆಗೆ ಅದನ್ನು ನಡೆಸಿದರು. ರೋಗಿಗಳೂ ಶಿಷ್ಯರೂ ರಾಯಚೂರಿನಿಂದ ಅಲ್ಲಿಗೇ ಹೋಗಿ ಬರುತ್ತಿದ್ದರು. ಆ ಎಲ್ಲೆಯು ಒಬ್ಬನನ್ನು ಹೊರಹಾಕುವುದಕ್ಕೂ ಸಾಕಾಯಿತು, ಅವನಿಗೆ ಆಶ್ರಯ ಕೊಡುವುದಕ್ಕೂ ಒದಗಿತು. 1947 48ರಲ್ಲಿಯೂ ಹೀಗೆಯೇ ಆಯಿತು. ರಜಾಕಾರರ ಹಾವಳಿಯಲ್ಲಿ ಊರು ಬಿಟ್ಟವರಿಗೆ ಮುಂಡರಗಿ, ಗಜೇಂದ್ರಗಡ ಮೊದಲಾದ ಕಡೆ ಶಿಬಿರಗಳು ನಡೆದುದು ಗಡಿಯ ಆಚೆಗೇ. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಕೂಡಿದ ಸಾಹಿತ್ಯ ಸಮ್ಮೇಳನಕ್ಕೆ ಮೈಸೂರಿನವರೂ ಮದರಾಸಿನ ಕಡೆಯವರೂ ಮುಂಬಯಿಯವರೂ ಬಂದಾಗ, ಒಂದೇ ಭಾಷೆಯವರು ಮೂರು ಸರ್ಕಾರಗಳ ಎಲ್ಲೆಯನ್ನು ದಾಟಿ ನಾಲ್ಕನೆಯದರಲ್ಲಿ ಸೇರಿದರು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದೊಳಗಾಯಿತು. ಕರೋಡಗಿರಿಯು ಒಡನೆಯೇ ಹೋಯಿತೆಂದು ಯಾರಾದರೂ ತಿಳಿದಿದ್ದರೆ ಅದು ತಪ್ಪು. ಸಂವಿಧಾನದ 306ನೆಯ ವಿಧಿಯು ಇಂಥ ಸಂಸ್ಥಾನಗಳ ಗಡಿಸುಂಕಗಳನ್ನು ಒಪ್ಪಂದದ ಮೇರೆಗೆ ಕೆಲವು ಕಾಲ ಮುಂದುವರಿಸಲು ಅವಕಾಶ ಕೊಟ್ಟಿತ್ತು. ಹೀಗಾಗಿ ಸ್ವತಂತ್ರ ಭಾರತದ ಪ್ರಜೆಯೂ ಸ್ವತಂತ್ರ ಭಾರತದೊಳಗೆ ಹೊಳೆ ದಾಟಿ ಸುಂಕ ಕೊಟ್ಟನು.

1953ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದುವು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು. ಗದ್ವಾಲ, ಆಲಂಪುರ ಎಂಬ ಎರಡು ತಾಲ್ಲೂಕುಗಳನ್ನು ಬಿಟ್ಟು. ಇದರ ಅರ್ಥವನ್ನು ನಕ್ಷೆಯಲ್ಲಿ ನೋಡಬೇಕು. ಎರಡು ಹೊಳೆಗಳು ಕೂಡುವ ಮೂಡಣ ಮೂಲೆಯೇ ಈ ತಾಲ್ಲೂಕುಗಳು. ಯಾವ ಸುಲ್ತಾನನೂ ಯಾವ ರಾಯನೂ ಎಡೆದೊರೆಯನ್ನು ಹೀಗೆ ನಡುವೆ ಕೊಯ್ದಿರಲಿಲ್ಲ. ಗೆದ್ದವನು ಇಡಿಯಾಗಿ ಗೆಲ್ಲುತ್ತಿದ್ದನು, ಸೋತವನು ಇಡಿಯಾಗಿ ಸೋಲುತ್ತಿದ್ದನು. ಭಾಷೆಯ ನ್ಯಾಯದಿಂದ ನೋಡಿದರೆ ಈ ವಿಭಾಗವನ್ನು ತಪ್ಪೆನ್ನಲು ನಮಗೆ ಮನಸ್ಸಿಲ್ಲ, ಅಲ್ಲಿಯ ಬಹುಜನರು ತೆಲುಗರು. ಬಾದಾಮಿಯ ಚಾಲುಕ್ಯರು ಆಲಂಪುರದಲ್ಲಿ ಗುಡಿಗಳನ್ನು ಕಟ್ಟಿದರೆಂಬ ಕಾರಣಕ್ಕೆ ಇಂದು ಹಕ್ಕು ಹೂಡುವುದು ನಗೆಗೀಡು. ಆದರೆ ಭಾಷೆಯ ಗೆರೆಯನ್ನೆಳೆದವರು ನೀರಿನ ಗೆರೆಯನ್ನು ಮರೆತರು.

ಮಾನವಿ ತಾಲ್ಲೂಕಿನ ರಾಜೋಳಿಬಂಡದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಒಂದು ಒಡ್ಡು ಇದೆ. ಹೈದರಾಬಾದು ಸರ್ಕಾರವು ಅದರ ಕೆಲಸಕ್ಕೆ ಕೈಹಾಕಿದಾಗ ಮಾನವಿಯೂ ಆಲಂಪುರವೂ ಒಂದೇ ಜಿಲ್ಲೆಯೊಳಗಿದ್ದವು; ಮೇಲಿನ ತಾಲ್ಲೂಕಿನಲ್ಲಿ ನೀರನ್ನು ತಡೆದು ಕೆಳಗಿನ ತಾಲ್ಲೂಕಿಗೆ ಹರಿಸುವುದರಲ್ಲಿ ಯಾವ ತಕರಾರೂ ಇರಲಿಲ್ಲ. ಕೆಲಸ ಮುಗಿಯುವ ಹೊತ್ತಿಗೆ ತಲೆಯೊಂದು ರಾಜ್ಯದಲ್ಲಿ, ಒಡಲೊಂದು ರಾಜ್ಯದಲ್ಲಿ ಆಯಿತು. ಕಾಲುವೆಯ ಉದ್ದ 143 ಕಿಲೋಮೀಟರು. ಅದರಲ್ಲಿ ಸುಮಾರು 43 ಕರ್ನಾಟಕದೊಳಗೆ. ನೀರು ಕಾಣಬೇಕಾದ ಭೂಮಿ ನಮ್ಮಲ್ಲಿ 5,900 ಎಕರೆ, ಆಚೆಗೆ 87,500 ಎಕರೆ. ಕೃಷ್ಣಾ ಜಲವಿವಾದದ ಬಚಾವತ್ ನ್ಯಾಯಮಂಡಳಿಯು ಈ ಯೋಜನೆಗೆ 17.1 ಟಿ.ಎಂ.ಸಿ. ನೀರನ್ನಿತ್ತು, ಅದರಲ್ಲಿ 1.2 ಕರ್ನಾಟಕಕ್ಕೆ, 15.9 ಆಂಧ್ರಪ್ರದೇಶಕ್ಕೆ ಎಂದು ಹಂಚಿತು. ಕಾಗದದ ಮೇಲೆ ನ್ಯಾಯವು ಪೂರ್ಣವಾಗಿದೆ. ಆದರೆ ಒಡ್ಡನ್ನು ಸ್ವಲ್ಪ ಎತ್ತರಿಸಬೇಕೆಂದರೆ ದಕ್ಷಿಣ ದಂಡೆಯ ಕರ್ನೂಲಿನ ರೈತರು ಒಪ್ಪರು, ತೂಬನ್ನು ತೆರೆದರೆ ಉತ್ತರದವರು ಬಿಡರು. ಕಾಲುವೆಯ ಹೂಳನ್ನು ತೆಗೆಯಬೇಕಾದವರು ಒಂದು ರಾಜ್ಯದವರು, ಹೂಳಿನಿಂದ ಒಣಗುವವರು ಇನ್ನೊಂದು ರಾಜ್ಯದವರು. 2014ರಲ್ಲಿ ತೆಲಂಗಾಣವು ಬೇರೆಯಾದಮೇಲೆ ಈ ಒಂದು ಒಡ್ಡಿಗೆ ಮೂರು ರಾಜ್ಯಗಳು ಸೇರಿದಂತಾಯಿತು. ಫೆರಿಸ್ತನಿದ್ದಿದ್ದರೆ ಇದನ್ನೂ ದೋಆಬಿನ ಯುದ್ಧಗಳ ಸಾಲಿಗೆ ಸೇರಿಸುತ್ತಿದ್ದನೋ ಏನೋ.

ನಾವು ರಾಜೋಳಿಬಂಡಕ್ಕೆ ಹೋದುದು ಬೇಸಗೆಯ ಮೊದಲಿನಲ್ಲಿ. ಒಡ್ಡಿನ ಮೇಲೆ ತೆಳುವಾಗಿ ನೀರು ಜಾರುತ್ತಿತ್ತು; ಕಾಲುವೆಯ ಬಾಯಲ್ಲಿ ಮೊಣಕಾಲುದ್ದವೂ ಇರಲಿಲ್ಲ. ಅಲ್ಲಿ ಐಜದ ಕಡೆಯ ಇಬ್ಬರು ರೈತರು ಕುಳಿತಿದ್ದರು. ತಮ್ಮೂರಿಗೆ ನೀರು ಯಾವಾಗ ಮುಟ್ಟೀತೆಂದು ನೋಡಲು ಬಸ್ಸು ಹತ್ತಿ ಬಂದವರು. ನಮ್ಮನ್ನು ಇಲಾಖೆಯವರೆಂದು ತಿಳಿದು ತೆಲುಗಿನಲ್ಲಿ ಮಾತನ್ನಾರಂಭಿಸಿದರು. ನಮ್ಮ ತೆಲುಗು ಅಷ್ಟಕ್ಕಷ್ಟೇ ಎಂದು ಕಂಡೊಡನೆ ಇಬ್ಬರಲ್ಲಿ ಹಿರಿಯನು ಕನ್ನಡಕ್ಕೆ ಹೊರಳಿದನು. ಆ ಕನ್ನಡವು ರಾಯಚೂರಿನದೇ. ಎಲ್ಲಿ ಕಲಿತಿರೆಂದು ಕೇಳಿದೆವು. “ಕಲಿಯೋದೇನೈತ್ರೀ, ನಮ್ಮಜ್ಜಿ ಮಾನವಿಯಾಕಿ,” ಎಂದು ಹೇಳಿ, ಅವನು ಮತ್ತೆ ಕಾಲುವೆಯ ಕಡೆಗೆ ತಿರುಗಿದನು.